ನೋವಿಲ್ಲ ಅಂತ ನೋಡದೇ ಬಿಡಬೇಡಿ

ಪ್ರಶ್ನೆ: ಮೇಡಂ, ನಾವಿರೋದು ಹೆಗ್ಗನಹಳ್ಳಿಯಲ್ಲಿ. ನಮ್ಮ ಯಜಮಾನರು ಪೀಣ್ಯ ಎರಡನೇ ಹಂತದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಆಪರೇಟರ್. ವಯಸ್ಸು 44. ಮೋಷನ್‌ನಲ್ಲಿ ರಕ್ತ ಹೋಗುತ್ತಿತ್ತು, ಮೂಲವ್ಯಾಧಿ ಇರಬೇಕು ಅಂತ ತುಂಬ ದಿನ ಸುಮ್ಮನಿದ್ದರು. ಕೊನೆಗೆ ಗುದದ ಮೇಲ್ಗಡೆ ಕ್ಯಾನ್ಸರ್ ಗಡ್ಡೆ ಅಂತ ಗೊತ್ತಾಯಿತು. ಆಪರೇಷನ್ ಆಗಿ ಐದು ವಾರ. ಹೊಟ್ಟೆಯ ಬಲಗಡೆ ಸಣ್ಣ ಕರುಳನ್ನು ಹೊರಗೆ ತಂದು ಬ್ಯಾಗ್ ಹಾಕಿದ್ದಾರೆ. ಕೆಲವು ತಿಂಗಳು ಬಿಟ್ಟು ಒಳಗೆ ಸೇರಿಸುತ್ತೇವೆ ಅಂದಿದ್ದಾರೆ.

ಬ್ಯಾಗ್ ಬದಲಾಯಿಸೋದು ನಾನೇ. ಅವರು ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಾರೆ, ಇಲ್ಲಿವರೆಗೆ ಅದನ್ನು ನೋಡಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬರುತ್ತೆ. ಅದು ತಾನಾಗಿ ಅಲುಗಾಡುತ್ತೆ. ಮೊದಲಿಗಿಂತ ಸಣ್ಣದಾಗಿದೆ. ಸುತ್ತ ಚರ್ಮ ಕೆಂಪಾಗಿ ಉರಿಯುತ್ತೆ ಅಂತಾರೆ. ಹಿಂದುಗಡೆಯಿಂದಲೂ ಬಿಳಿ ಲೋಳೆ ಹೋಗುತ್ತೆ. ಹೋದ ಭಾನುವಾರ ಸಂಜೆ ಬಚ್ಚಲಲ್ಲಿ ನೋಡಿದಾಗ ಸ್ವಲ್ಪ ನೇರಳೆ ಬಣ್ಣ ಇದ್ದ ಹಾಗಿತ್ತು. ನನಗೆ ಕೈಕಾಲು ನಡುಗಿತು. ಅವರನ್ನು ಕೇಳಿದರೆ "ನೋವೇ ಇಲ್ಲ, ಸುಮ್ನಿರು" ಅಂತಾರೆ. ಅತ್ತೆ ಅರಿಶಿನ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಇವರು ಮುಂದಿನ ತಿಂಗಳು ಕೆಲಸಕ್ಕೆ ಹೋಗ್ತೀನಿ, ಬ್ಯಾಗಿನ ವಿಷಯ ಯಾರಿಗೂ ಹೇಳಬೇಡ ಅಂತಿದ್ದಾರೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ದಯವಿಟ್ಟು ತಿಳಿಸಿ.
ಹೆಸರು ಬೇಡ, ಹೆಗ್ಗನಹಳ್ಳಿ

ಉತ್ತರ: ಮೊದಲು ಆ ನೇರಳೆ ಬಣ್ಣದ ವಿಷಯ. ಉಳಿದದ್ದೆಲ್ಲ ಆಮೇಲೆ. ಈಗಲೇ ಅವರನ್ನು ಕಿಟಕಿ ಬೆಳಕಿಗೆ ಕರೆದುಕೊಂಡು ಬನ್ನಿ. ಪ್ಯಾಂಟಿನ ಬೆಲ್ಟ್ ಅಥವಾ ಪಂಚೆಯ ಗಂಟು ಸ್ಟೋಮಾದ, ಅಂದರೆ ಹೊರಗೆ ತಂದ ಆ ಕರುಳಿನ ಬಾಯಿಯ ಮೇಲೆ ಒತ್ತುತ್ತಿದ್ದರೆ ಸಡಿಲಿಸಿ. ಬ್ಯಾಗ್ ಪಾರದರ್ಶಕವಾಗಿದ್ದರೆ ಅದರ ಮೂಲಕವೇ ನೋಡಿ, ಇಲ್ಲದಿದ್ದರೆ ತೆಗೆದು ನೋಡಿ. ಹಗಲು ಬೆಳಕಿನಲ್ಲಿ ಅದು ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿದ್ದರೆ ಭಾನುವಾರ ಕಂಡದ್ದು ಬಚ್ಚಲಿನ ಮಂದ ಬೆಳಕಿನ ಆಟ ಇರಬಹುದು. ಆದರೂ ಆಸ್ಪತ್ರೆಗೆ ಫೋನ್ ಮಾಡಿ ವಿಷಯ ಹೇಳಿಬಿಡಿ. ಹಗಲಿನಲ್ಲೂ ಕಡು ನೇರಳೆ, ಕಂದು ಅಥವಾ ಕಪ್ಪು ಕಂಡರೆ ಈ ಪತ್ರಿಕೆಯನ್ನು ಮಡಚಿಟ್ಟು ಆಪರೇಷನ್ ಮಾಡಿದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಗಾಡಿ ಇಲ್ಲದಿದ್ದರೆ 108. ಆ ಬಣ್ಣ ಬಂತೆಂದರೆ ಕರುಳಿನ ತುದಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಅದಕ್ಕೆ ನಾಳೆ ಬೆಳಗ್ಗೆವರೆಗೆ ಕಾಯುವಂತಿಲ್ಲ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. "ನೋವೇ ಇಲ್ಲ" ಎಂದು ಅವರು ಹೇಳುವುದು ನಿಜ. ಸುಳ್ಳಲ್ಲ. ಆದರೆ ಆ ಮಾತನ್ನು ನಂಬಿ ಕೂರಬೇಡಿ. ಕರುಳಿನ ಒಳಪದರಕ್ಕೆ ನಮ್ಮ ಚರ್ಮಕ್ಕಿರುವ ಹಾಗೆ ಮುಟ್ಟಿದ್ದು, ಕೊಯ್ದದ್ದು, ಸುಟ್ಟದ್ದು ಗೊತ್ತಾಗುವ ನರಗಳಿಲ್ಲ. ಕರುಳು ಉಬ್ಬಿದಾಗ, ಹಿಂಡಿದಾಗ ಹೊಟ್ಟೆ ನೋಯುತ್ತದೆ ಅಷ್ಟೆ. ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ಅಂಚು ಸ್ಟೋಮಾಕ್ಕೆ ತಗುಲಿ ಗಾಯವಾದರೂ, ಮೆಷಿನ್ನಿನ ಮೂಲೆ ಬಡಿದರೂ, ರಕ್ತ ನಿಂತು ಕಪ್ಪಾಗುತ್ತ ಹೋದರೂ ಅವರಿಗೆ ಅಲ್ಲಿ ಏನೂ ಅನ್ನಿಸದೇ ಇರಬಹುದು. ಮೈಯ ಬೇರೆ ಭಾಗಗಳ ತೊಂದರೆಯನ್ನು ನೋವು ಹೇಳುತ್ತದೆ. ಸ್ಟೋಮಾದ ತೊಂದರೆಯನ್ನು ಕಣ್ಣೇ ಹುಡುಕಬೇಕು. ನಾನು ಮಾತಾಡಿಸಿದ ಎಷ್ಟೋ ಮನೆಗಳಲ್ಲಿ ಎಡವಿದ್ದು ಇಲ್ಲೇ: ರೋಗಿ ನೋವಿಲ್ಲ ಎನ್ನುತ್ತಾರೆ, ಮನೆಯವರು ಸದ್ಯ ಎಂದು ಉಸಿರು ಬಿಡುತ್ತಾರೆ, ಯಾರೂ ನೋಡುವುದಿಲ್ಲ.

ವಾರ್ಡಿನಲ್ಲಿ ಮೊದಲ ಒಂದೆರಡು ದಿನ ಡಾಕ್ಟರು ರೌಂಡ್ಸಿಗೆ ಬಂದಾಗ ಬ್ಯಾಗ್ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ದು ನಿಮಗೆ ನೆನಪಿರಬಹುದು. ಬಣ್ಣದ ಬಗ್ಗೆ ಅನುಮಾನ ಬಂದರೆ ಅವರು ಜೆಲ್ಲಿ ಸವರಿದ ಗಾಜಿನ ಟೆಸ್ಟ್ ಟ್ಯೂಬನ್ನು ಸ್ಟೋಮಾದೊಳಗೆ ಮೆಲ್ಲಗೆ ಇಳಿಸಿ, ಅದರೊಳಕ್ಕೆ ಟಾರ್ಚ್ ಬಿಟ್ಟು, ಆಳದಲ್ಲಿ ಪದರ ಕೆಂಪಗಿದೆಯೋ ಇಲ್ಲವೋ ಎಂದು ನೋಡುತ್ತಾರೆ. ರಕ್ತ ನಿಲ್ಲುವ ಅಪಾಯ ಹೆಚ್ಚಾಗಿರುವುದು ಆಪರೇಷನ್ ಆದ ಮೊದಲ ಕೆಲವು ದಿನಗಳಲ್ಲಿ. ನೀವು ಆ ಘಟ್ಟ ದಾಟಿದ್ದೀರಿ. ಐದನೇ ವಾರದಲ್ಲಿ ಬಣ್ಣ ಕೆಡುವುದು ಅಪರೂಪ. ಕೆಟ್ಟರೆ ಒಂದೋ ಪ್ಲೇಟಿನ ತೂತು ಚಿಕ್ಕದಾಗಿ ಬುಡವನ್ನು ಹಿಸುಕುತ್ತಿರುತ್ತದೆ, ಇಲ್ಲವೇ ಕರುಳು ಹೊರಗೆ ಜಾರಿ ಸಿಕ್ಕಿಕೊಂಡಿರುತ್ತದೆ. ಟೆಸ್ಟ್ ಟ್ಯೂಬಿನ ಕೆಲಸ ಡಾಕ್ಟರದು. ನೀವು ಮನೆಯಲ್ಲಿ ಸ್ಟೋಮಾದೊಳಗೆ ಏನನ್ನೂ ಹಾಕಬಾರದು, ಬೆರಳನ್ನೂ.

ಆರೋಗ್ಯವಾಗಿರುವ ಸ್ಟೋಮಾ ಹೇಗಿರುತ್ತದೆ ಎಂದು ತಿಳಿಯಲು ಕನ್ನಡಿ ಮುಂದೆ ನಿಂತು ನಿಮ್ಮ ಕೆನ್ನೆಯ ಒಳಭಾಗ ನೋಡಿಕೊಳ್ಳಿ. ಅದೇ ಗುಲಾಬಿಯಿಂದ ಕೆಂಪಿನವರೆಗಿನ ಬಣ್ಣ, ಅದೇ ಒದ್ದೆ. ಅದು ಗಾಯ ಅಲ್ಲ ಎಂಬುದನ್ನು ಮನೆಯವರೆಲ್ಲ ತಿಳಿದುಕೊಂಡರೆ ಅರ್ಧ ಭಯ ಕಳೆಯುತ್ತದೆ. ಅದು ಹೀಗೇಕೆ ಕಾಣುತ್ತದೆ ಎಂದರೆ, 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸರ್ಜನ್ ಬ್ರಯನ್ ಬ್ರೂಕ್ ಒಂದು ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಸಣ್ಣ ಕರುಳಿನ ತುದಿಯನ್ನು ಹಾಗೇ ಹೊರಗೆ ಬಿಡುತ್ತಿದ್ದರು. ಕರುಳಿನ ಹೊರಮೈಗೆ ಮಲ ತಗುಲಿ ಉರಿಯೂತವಾಗಿ ಅದು ಊದಿಕೊಳ್ಳುತ್ತಿತ್ತು, ರೋಗಿ ನರಳುತ್ತಿದ್ದ. ಬ್ರೂಕ್ ಅವರು ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಹೊರಕ್ಕೆ ಮಡಚಿ ಚರ್ಮಕ್ಕೆ ಹೊಲಿದರು. ನಿಮಗೆ ಕಾಣುತ್ತಿರುವುದು ಆ ಮಡಚಿದ ಒಳಪದರ. ಹಾಗಾಗಿಯೇ ಅದು ಕೆಂಪು, ಹಾಗಾಗಿಯೇ ಸದಾ ಒದ್ದೆ, ಹಾಗಾಗಿಯೇ ಚರ್ಮದಿಂದ ಎರಡು ಸೆಂಟಿಮೀಟರಿನಷ್ಟು ಮೂತಿಯಂತೆ ಎದ್ದು ನಿಂತಿರುತ್ತದೆ. ಎದ್ದು ನಿಂತಿದ್ದರೆ ತಾನೇ ನೀರು ನೇರ ಬ್ಯಾಗಿಗೆ ಬೀಳುವುದು, ಚರ್ಮದ ಮೇಲೆ ಹರಿಯುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಹೆದರಬೇಕಿಲ್ಲದ ವಿಷಯಗಳು ಹಲವಿವೆ. ಒಳಪದರದಲ್ಲಿ ಸೂಕ್ಷ್ಮ ರಕ್ತನಾಳಗಳು ತುಂಬಿರುತ್ತವೆ, ಒರೆಸಿದಾಗ ಹನಿ ಜಿನುಗಿ ತಾನೇ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಮೆತ್ತಗೆ ಒತ್ತಿ ಹಿಡಿದರೆ ಸಾಕು. ಒತ್ತಿ ಹಿಡಿದರೂ ನಿಲ್ಲದೆ ಸುರಿದರೆ, ಅಥವಾ ಒಳಗಿನಿಂದ ಮಲದ ಜೊತೆ ರಕ್ತ ಬಂದರೆ ಮಾತ್ರ ಆಸ್ಪತ್ರೆ. ಅಲುಗಾಡುವುದು ಕರುಳಿನ ಸಹಜ ಚಲನೆ. ಹೊಟ್ಟೆಯೊಳಗೆ ನಮ್ಮೆಲ್ಲರ ಕರುಳೂ ಹಾಗೇ ಅಲುಗುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೆ. ಹಿಂದುಗಡೆಯಿಂದ ಹೋಗುವ ಬಿಳಿ ಲೋಳೆಗೂ ಗಾಬರಿ ಬೇಡ. ಮಲ ಬರದಿದ್ದರೂ ಕೆಳಗಿನ ಕರುಳು ಲೋಳೆ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಅದು ಕೀವಿನಂತೆ ದುರ್ವಾಸನೆ ಬಂದರೆ, ಜ್ವರ ಜೊತೆಗಿದ್ದರೆ ತೋರಿಸಿ. ಬುಡದ ಸುತ್ತ ಕಾಣುವ ನೂಲಿನ ತುಣುಕುಗಳು ಕರಗುವ ಹೊಲಿಗೆ, ಎಳೆಯಬೇಡಿ.

ಇನ್ನೊಂದು ಗೊಂದಲ ನಮ್ಮ ಕಡೆ ಬಹಳ. ಬ್ಯಾಗಿನಲ್ಲಿ ಬೀಳುವುದರ ಬಣ್ಣ ಬೇರೆ, ಸ್ಟೋಮಾದ ಬಣ್ಣ ಬೇರೆ. ಬೀಟ್‌ರೂಟ್ ಪಲ್ಯ ತಿಂದರೆ ಬ್ಯಾಗ್ ಕೆಂಪಾಗುತ್ತದೆ. ರಾಗಿ ಮುದ್ದೆ ತಿಂದರೆ ಕಡು ಕಂದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಕಪ್ಪಗೇ ಬರುತ್ತದೆ. ಒರೆಸಿದ ಮೇಲೆ ಸ್ಟೋಮಾ ಕೆಂಪಗಿದೆಯೇ ಎಂಬುದು ಮುಖ್ಯ. ಸ್ಟೋಮಾವೇ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಿದ್ದರೆ ರಕ್ತ ಕಡಿಮೆಯಾಗಿರಬಹುದು, ಮುಂದಿನ ಭೇಟಿಯಲ್ಲಿ ಹಿಮೋಗ್ಲೋಬಿನ್ ನೋಡಲು ಹೇಳಿ. ಮಾತ್ರೆ, ಬೀಟ್‌ರೂಟ್ ಯಾವುದೂ ಇಲ್ಲದೆ ಮಲ ಟಾರಿನಂತೆ ಕಪ್ಪಗೆ ಬಂದರೆ ಅದೇ ದಿನ ತೋರಿಸಿ.

ಈಗ ಚರ್ಮ ಉರಿಯುವ ವಿಷಯ. ನಿಮ್ಮ ಪತ್ರದಲ್ಲಿ ನೀವೇ ಕಾರಣ ಬರೆದಿದ್ದೀರಿ: ಸ್ಟೋಮಾ ಸಣ್ಣದಾಗಿದೆ. ಆಪರೇಷನ್ ಮುಗಿದಾಗ ಅದು ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರದಲ್ಲಿ ಇಳಿದು ತನ್ನ ಅಳತೆಗೆ ಬರುತ್ತದೆ. ಆಸ್ಪತ್ರೆಯಿಂದ ಕಳಿಸುವಾಗ ತೋರಿಸಿದ ತೂತಿನ ಅಳತೆಯನ್ನೇ ನೀವು ಇನ್ನೂ ಕತ್ತರಿಸುತ್ತಿದ್ದರೆ, ಸ್ಟೋಮಾಕ್ಕೂ ಪ್ಲೇಟಿಗೂ ನಡುವೆ ಚರ್ಮ ಬರಿದಾಗಿ ಉಳಿಯುತ್ತದೆ. ಸಣ್ಣ ಕರುಳಿನಿಂದ ಬರುವ ನೀರಿನಲ್ಲಿ ಅನ್ನ ಬೇಳೆ ಕರಗಿಸುವ ಜೀರ್ಣರಸಗಳು ಇರುತ್ತವೆ, ಅವು ಚರ್ಮವನ್ನೂ ಕರಗಿಸಲು ಹೊರಡುತ್ತವೆ. ಕೆಂಪು ಆ ಉಂಗುರದಷ್ಟೇ ಜಾಗದಲ್ಲಿದ್ದರೆ ಕಾರಣ ಇದೇ. ತೂತು ಸ್ಟೋಮಾಕ್ಕಿಂತ ಸುತ್ತಲೂ ಎರಡು ಮೂರು ಮಿಲಿಮೀಟರ್ ದೊಡ್ಡದಿರಬೇಕು. ಅದಕ್ಕಿಂತ ದೊಡ್ಡದಾದರೆ ಚರ್ಮ ಸುಡುತ್ತದೆ, ಚಿಕ್ಕದಾದರೆ ಅಂಚು ಸ್ಟೋಮಾವನ್ನು ಕೊಯ್ಯುತ್ತದೆ. ಸ್ಟೋಮಾದ ಮೇಲೆ ಹಳದಿಯೋ ಬಿಳಿಯೋ ಗೆರೆ ಕಂಡರೆ ಹಾಗೆ ಕೊಯ್ದ ಗುರುತು ಎಂದು ತಿಳಿಯಿರಿ.

ಈ ಅಳತೆಯ ಕೆಲಸವನ್ನು ನಿಮ್ಮ ಯಜಮಾನರ ಕೈಗೆ ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ದಿನವಿಡೀ ವರ್ನಿಯರ್ ಹಿಡಿದು ಜಾಬ್ ಅಳೆಯುವ ಮನುಷ್ಯ. ಮಿಲಿಮೀಟರಿನ ನೂರನೇ ಒಂದು ಭಾಗ ತಪ್ಪಿದರೆ ಪೀಸ್ ರಿಜೆಕ್ಟ್ ಆಗುವ ಕೆಲಸ ಅವರದು. ಸ್ಟೋಮಾಕ್ಕೆ ಸ್ಟೀಲಿನ ವರ್ನಿಯರ್ ಹಚ್ಚಬೇಡಿ. ಬ್ಯಾಗಿನ ಡಬ್ಬಿಯಲ್ಲೇ ದುಂಡು ತೂತುಗಳಿರುವ ಅಳತೆಯ ಕಾರ್ಡ್ ಇರುತ್ತದೆ. ಸ್ಟೋಮಾ ಅದರ ಯಾವ ತೂತಿನಲ್ಲಿ ಮುಟ್ಟದೆ ಹೊಂದುತ್ತದೆ ಎಂದು ವಾರಕ್ಕೊಮ್ಮೆ ನೋಡಿ, ಪ್ಲೇಟಿನ ಹಿಂದೆ ಗೆರೆ ಹಾಕಿ, ಬಾಗಿದ ಕತ್ತರಿಯಿಂದ ಕತ್ತರಿಸಿ, ಅಂಚನ್ನು ಬೆರಳಿನಿಂದ ಉಜ್ಜಿ ನಯ ಮಾಡಬೇಕು. ಸ್ಟೋಮಾ ಪೂರ್ತಿ ದುಂಡಗಿಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆ ಮೇಲೆ ಅದರ ಆಕಾರ ಬರೆದುಕೊಂಡು ಕತ್ತರಿಸಬೇಕು. ಮೊದಲು ಬರೀ ಪ್ಲೇಟ್ ಕತ್ತರಿಸಲಿ. ಹಾಗೆ ಕತ್ತರಿಸಲು ಅಳತೆ ಬೇಕು, ಅಳತೆಗೆ ನೋಡಬೇಕು. ನೀವು "ನೋಡಿ" ಎಂದು ನೂರು ಸಲ ಹೇಳಿದರೆ ಆಗದ್ದು ಕೆಲಸದ ನೆಪದಲ್ಲಿ ಆಗುತ್ತದೆ.

ಪ್ಲೇಟ್ ಬದಲಾಯಿಸಲು ಬೆಳಗ್ಗೆ ಕಾಫಿಗೂ ಮುಂಚೆ ಒಳ್ಳೆಯ ಹೊತ್ತು. ಹೊಟ್ಟೆ ಖಾಲಿ ಇರುವುದರಿಂದ ನೀರು ಕಡಿಮೆ ಬರುತ್ತದೆ, ಬೆಳಕೂ ಇರುತ್ತದೆ. ಸೋರದಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಸೋರಿದರೆ ಆಗಲೇ ತೆಗೆಯಿರಿ, ಮೇಲಿಂದ ಟೇಪ್ ಸುತ್ತಿ ದಿನ ದೂಡಬೇಡಿ. ಬ್ಯಾಗಿನ ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಿದರೆ ಭಾರಕ್ಕೆ ಪ್ಲೇಟ್ ಕಿತ್ತು ಬರುವುದಿಲ್ಲ. ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಡೆಟಾಲ್, ಸ್ಪಿರಿಟ್ ಬೇಡವೇ ಬೇಡ.

ನಿಮ್ಮ ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ: ಅರಿಶಿನ ಎಣ್ಣೆ ಗಾಯಕ್ಕೆ. ಇಲ್ಲಿ ಗಾಯವೇ ಇಲ್ಲ. ಎಣ್ಣೆ ಸವರಿದ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ, ಅಂಟದಿದ್ದರೆ ಸೋರುತ್ತದೆ, ಸೋರಿದರೆ ಇನ್ನಷ್ಟು ಸುಡುತ್ತದೆ. ಅರಿಶಿನದ ಬಣ್ಣ ಕೂತರೆ ಚರ್ಮ ಹೇಗಿದೆ ಎಂದು ನೋಡುವುದೂ ಕಷ್ಟ. ಒದ್ದೆಯಾಗಿ ಸುಲಿದ ಚರ್ಮಕ್ಕೆ ಸ್ಟೋಮಾ ಪೌಡರ್ ಸಿಗುತ್ತದೆ, ತೆಳುವಾಗಿ ಉದುರಿಸಿ ಹೆಚ್ಚಾದದ್ದನ್ನು ಒರೆಸಿ ಪ್ಲೇಟ್ ಹಾಕಿ. ಕೆಂಪು ಪ್ಲೇಟಿನ ಅಡಿಯಲ್ಲಿ ಹರಡಿ, ಅಂಚಿನಾಚೆ ಚುಕ್ಕೆ ಚುಕ್ಕೆಯಾಗಿ ತುರಿಸಿದರೆ ಬೆವರಿಗೆ ಬಂದ ಶಿಲೀಂಧ್ರ ಇರಬಹುದು, ಅದಕ್ಕೆ ಬೇರೆ ಔಷಧ ಬೇಕು. ಕೂದಲ ಬುಡದಲ್ಲಿ ಕೀವುಗುಳ್ಳೆ ಎದ್ದರೆ ಬ್ಲೇಡಿನಿಂದ ಬೋಳಿಸುವುದನ್ನು ಬಿಟ್ಟು ಕತ್ತರಿಯಿಂದ ಕೂದಲು ಸಣ್ಣಗೆ ಮಾಡಿ.

ಸ್ಟೋಮಾ ಹೊರಗೆ ಜಾರಿ ಉದ್ದವಾಗುವುದು, ಒಳಗೆ ಹೂತುಹೋಗಿ ಚರ್ಮದ ಮಟ್ಟಕ್ಕಿಳಿಯುವುದು, ಬುಡ ಚರ್ಮದಿಂದ ಬಿಟ್ಟುಕೊಳ್ಳುವುದು, ಪಕ್ಕದಲ್ಲಿ ಹೊಟ್ಟೆ ಉಬ್ಬಿ ಗಂಟಿನಂತೆ ಕಾಣುವುದು: ಇವು ಕಂಡರೆ ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ. ಜೊತೆಗೆ ಬಣ್ಣ ಕೆಟ್ಟರೆ ಅಥವಾ ವಾಂತಿ ಇದ್ದರೆ ಆ ಕ್ಷಣವೇ ಹೊರಡಿ. ನಾಲ್ಕೈದು ಗಂಟೆ ಬ್ಯಾಗಿಗೆ ಏನೂ ಬೀಳದೆ ಹೊಟ್ಟೆ ಹಿಂಡಿ ನೋಯುತ್ತಿದ್ದರೂ ಅಷ್ಟೇ, ಕರುಳು ಕಟ್ಟಿಕೊಂಡಿರಬಹುದು. ಜೋಳದ ಕಾಳು, ಹಸಿ ಕೊಬ್ಬರಿ ಚೂರು, ನುಗ್ಗೆಕಾಯಿಯ ನಾರು, ಕಡಲೆಕಾಯಿ ಇವನ್ನು ಈಗ ದೂರವಿಡಿ.

ನೀವು ಕೇಳದೇ ಇದ್ದ ಒಂದು ವಿಷಯ ಬಣ್ಣದಷ್ಟೇ ಮುಖ್ಯ. ದೊಡ್ಡ ಕರುಳಿನ ಕೆಲಸ ನೀರನ್ನೂ ಉಪ್ಪನ್ನೂ ಹೀರಿ ಮೈಗೆ ಮರಳಿಸುವುದು. ಈಗ ಮಲ ಅಲ್ಲಿಗೆ ಹೋಗುತ್ತಲೇ ಇಲ್ಲ. ಬ್ಯಾಗಿಗೆ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬರುವುದು ವಾಡಿಕೆ. ಒಂದೂವರೆ ಲೀಟರ್ ದಾಟಿದರೆ ಮೈ ಒಣಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಒಂದು ಹಳೆಯ ಅಳತೆಯ ಜಗ್ಗನ್ನು ಇದಕ್ಕೇ ಇಟ್ಟುಕೊಂಡು ಕೆಲವು ದಿನ ಅಳೆಯಿರಿ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಮೀನಖಂಡ ಹಿಡಿದುಕೊಂಡರೆ ತಡಮಾಡಬೇಡಿ. ಬರೀ ನೀರನ್ನು ಗಟಗಟ ಕುಡಿಸಿದರೆ ಉಪ್ಪು ಇನ್ನಷ್ಟು ಕೊಚ್ಚಿ ಹೋಗಿ ಬ್ಯಾಗ್ ಬೇಗ ತುಂಬುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಒಳ್ಳೆಯದು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಉಪ್ಪಿನ ಪ್ರಮಾಣ ಡಾಕ್ಟರನ್ನು ಕೇಳಿ. ಏಪ್ರಿಲಿನಲ್ಲಿ ಪೀಣ್ಯದ ಶೀಟಿನ ಶೆಡ್ಡಿನ ಕೆಳಗೆ ಎಂಟು ಗಂಟೆ ನಿಲ್ಲುವವರಿಗೆ ಇದು ದೊಡ್ಡ ವಿಷಯ.

ಗೋಡೆ ಕಡೆ ಮುಖ ಮಾಡುವ ನಿಮ್ಮವರ ಮೇಲೆ ಸಿಟ್ಟು ಮಾಡಬೇಡಿ. ತನ್ನ ಹೊಟ್ಟೆಯ ಮೇಲೆ ಕರುಳು ಕಾಣುವುದನ್ನು ಒಪ್ಪಿಕೊಳ್ಳಲು ಯಾರಿಗಾದರೂ ಸಮಯ ಬೇಕು. ಅಂಥವರಿಗೆ ದಾರಿ ತೋರಿಸಿದವರಲ್ಲಿ ಮೊದಲಿಗರು ಅಂಥವರೇ. ಅಮೆರಿಕದ ನಾರ್ಮಾ ಗಿಲ್ ಎಂಬಾಕೆ ಸ್ವತಃ ಸ್ಟೋಮಾ ಇದ್ದವರು. ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಆಕೆಯನ್ನು ಬೇರೆ ರೋಗಿಗಳಿಗೆ ಹೇಳಿಕೊಡಲು ನೇಮಿಸಿಕೊಂಡರು. ಸ್ಟೋಮಾ ಸಿಸ್ಟರ್ ಎಂಬ ಕೆಲಸ ಹುಟ್ಟಿದ್ದು ಅಲ್ಲಿಂದ. ಮೈಗೆ ಅಂಟುವ ಬ್ಯಾಗನ್ನು 1954ರಲ್ಲಿ ಯೋಚಿಸಿದವರು ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್, ಆಪರೇಷನ್ ಆಗಿ ಮನೆಯಿಂದ ಹೊರಬರಲು ಹೆದರುತ್ತಿದ್ದ ತಂಗಿಗಾಗಿ. ನಮ್ಮಲ್ಲಿ ಮುಂಬೈಯ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇಂಥವರಿಗಾಗಿಯೇ ಕೆಲಸ ಮಾಡುತ್ತಿದೆ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಸ್ಟೋಮಾ ಸಿಸ್ಟರ್ ಯಾರು ಎಂದು ಕೇಳಿ, ಅವರ ನಂಬರ್ ಇಟ್ಟುಕೊಳ್ಳಿ. ಪ್ಲೇಟ್ ಬದಲಾಯಿಸುವಾಗಲೆಲ್ಲ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಅನುಮಾನ ಬಂದ ದಿನ ಮೂರು ವಾರದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಆ ಸಿಸ್ಟರಿಗೆ ಬೇಗ ತಿಳಿಯುತ್ತದೆ. ನಿಮ್ಮವರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ, ಇನ್ನೊಬ್ಬ ಬ್ಯಾಗಿನವರ ಜೊತೆ ಮಾತಾಡಿಸಿ. ಹೆಂಡತಿಯ ಮಾತಿಗಿಂತ ಅವರ ಮಾತು ಒಳಗಿಳಿಯುತ್ತದೆ. ಒಳಗೆ ಸೇರಿಸುವ ಆಪರೇಷನ್ ಸಾಮಾನ್ಯವಾಗಿ ಎರಡು ಮೂರು ತಿಂಗಳ ಮೇಲೆ, ಕಿಮೋ ಇದ್ದರೆ ಹೆಚ್ಚಾಗಿ ಅದು ಮುಗಿದ ನಂತರ. ಅಲ್ಲಿವರೆಗೆ ಅವರು ನೋಡಲು ಕಲಿಯಲೇಬೇಕು.

ಕೆಲಸದ ಬಗ್ಗೆ. ಮುಂದಿನ ತಿಂಗಳೇ ಹೋಗುವುದು ಬೇಡ ಎಂದು ನನ್ನ ಸಲಹೆ. ಚಕ್ ಎತ್ತುವುದು, ಕಬ್ಬಿಣದ ಸಲಾಕೆ ಹೊರುವುದು ಈಗ ಮಾಡಿದರೆ ಸ್ಟೋಮಾದ ಪಕ್ಕ ಹರ್ನಿಯಾ ಆಗುವ ಅಪಾಯ ಹೆಚ್ಚು. ಸರ್ಜನ್ ಬರೆದುಕೊಟ್ಟ ಮೇಲೆ, ಮೊದಲು ಹಗುರ ಕೆಲಸ. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಇದೆ. ಕ್ಯಾನ್ಸರ್ ಅದರ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಇಎಸ್‌ಐ ಅಡಿ ಕೆಲಸ ಮಾಡಿ ವಂತಿಗೆಯ ದಿನಗಳು ಸರಿಯಿದ್ದರೆ ಮುಂದೆಯೂ ಶೇ. 80ರಂತೆ ಸಿಗುತ್ತದೆ. ಆ ಭತ್ಯೆ ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯಬಾರದೆಂದು 1948ರ ಇಎಸ್‌ಐ ಕಾಯ್ದೆಯಲ್ಲೇ ಬರೆಯಲಾಗಿತ್ತು, ಈಗಿನ ನಿಯಮ ಕೇಳಿಕೊಳ್ಳಿ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಈ ವಾರವೇ ಹೋಗಿ ಕೇಳಿ.

ಬ್ಯಾಗಿನ ವಿಷಯ ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬ ಸೂಪರ್‌ವೈಸರಿಗೆ ಮಾತ್ರ ಹೇಳಲಿ, ಒಂದು ಜೊತೆ ಬಟ್ಟೆ, ಕತ್ತರಿಸಿಟ್ಟ ಪ್ಲೇಟ್, ನೀರಿನ ಬಾಟಲಿ ಲಾಕರಿನಲ್ಲಿರಲಿ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶಿಫ್ಟ್ ನೋಡಿಕೊಳ್ಳುವವರು ಈ ಅಂಕಣ ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ: ಕಾಯಿಲೆ ಮುಗಿಸಿ ಬಂದ ಕೆಲಸಗಾರ ಶೌಚಾಲಯದಲ್ಲಿ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಹೊರಗೆ ನಿಂತು ಬಾಗಿಲು ಬಡಿಯಬೇಡಿ, ಒಳಗೆ ಒಂದು ನಲ್ಲಿ, ಒಂದು ಮುಚ್ಚಳವಿರುವ ಕಸದ ಬುಟ್ಟಿ, ಚಿಲಕವಿರುವ ಬಾಗಿಲು ಇರುವ ಹಾಗೆ ನೋಡಿಕೊಳ್ಳಿ.